ಹಸಿಮಣ್ಣು ಮತ್ತು ಬೆಂದ ಮಡಕೆ: ಯೆರೆಮೀಯನ ಎರಡು ರೂಪಕಗಳು

ಕ್ರೈಸ್ತ ಧರ್ಮಗ್ರಂಥದಲ್ಲಿ ಮಣ್ಣು ದೇಹದ ನಶ್ವರತೆಯ ಸಂಕೇತವೆಂದು ಹೇಳಿ ಮುಗಿಸುವುದು ರೂಢಿ. ಈ ಗ್ರಹಿಕೆ ಅಪೂರ್ಣವೆಂದು ನಮಗೆ ತೋರುತ್ತದೆ. ಆದಿಕಾಂಡದ 2ನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ರೂಪಿಸಿದನೆಂಬಲ್ಲಿನ ಹೀಬ್ರೂ ಕ್ರಿಯಾಪದವೂ, ಕುಂಬಾರನನ್ನು ಸೂಚಿಸುವ ‘ಯೋಟ್ಸೇರ್’ ಪದವೂ ಒಂದೇ ಧಾತುವಿನವು. ಕನ್ನಡದ ‘ರೂಪಿಸು’, ‘ಕುಂಬಾರ’ ಎಂಬ ಪದಗಳಲ್ಲಿ ಈ ನಂಟು ಕಾಣದು.

ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ ಕೈಯಲ್ಲಿ ಕೆಟ್ಟ ಪಾತ್ರೆಯನ್ನು ಕುಂಬಾರನು ಅದೇ ಮಣ್ಣಿನಿಂದ ಮತ್ತೆ ಮಾಡುತ್ತಾನೆ. 19ನೆಯದರಲ್ಲಿ ಪ್ರವಾದಿಯು ಒಡೆಯುವ ಕೂಜೆಯನ್ನು ಮತ್ತೆ ಕೂಡಿಸಲಾಗದು. ಈ ಅಂತರದ ಕಾರಣವನ್ನು ಕುಂಬಾರಿಕೆಯ ಕಸುಬಿನಲ್ಲೇ ಅರಸಬೇಕು. ಮುಂಬಯಿಯ ಧಾರಾವಿಯಲ್ಲಿ ಸೌರಾಷ್ಟ್ರ ಮೂಲದ ಕುಂಬಾರರ ಕೇರಿಯಾದ ಕುಂಭಾರವಾಡಕ್ಕೆ ಹೋದವರಿಗೆ ಅದು ಕಣ್ಣೆದುರೇ ಇದೆ. ಒಣಗಿದ ಹಸಿ ಮಡಕೆ ಮುರಿದರೆ ನೀರಿನಲ್ಲಿ ನೆನೆಸಿ ಮತ್ತೆ ಹದಗೊಳಿಸಬಹುದು. ಆವಿಗೆಯಲ್ಲಿ ಬೆಂದದ್ದು ಒಡೆದರೆ ಬೋಕಿಯಾಗಿಯೇ ಉಳಿಯುತ್ತದೆ.

ಹೀಗಾಗಿ ಪ್ರವಾದಿಯ ಪ್ರಶ್ನೆ ಕಾಲವನ್ನು ಕುರಿತದ್ದು: ಜನಾಂಗವು ಇನ್ನೂ ಹಸಿಯಾಗಿದೆಯೇ, ಬೆಂದು ಗಟ್ಟಿಯಾಗಿದೆಯೇ? ಅನುವಾದದಲ್ಲಿ ‘ಮಣ್ಣು’, ‘ಮಡಕೆ’ಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸಿದರೆ ಈ ಪ್ರಶ್ನೆಯೇ ಅಳಿಸಿಹೋಗುತ್ತದೆ.