ಆಯಿಲ್ ಬಣ್ಣ ಏನು ಹೇಳುತ್ತದೆ?

ಬೇಸಿಗೆ ಕಾಲ. ಟೊಮೆಟೊ ಗಿಡಕ್ಕೆ ನೀರು ಬಿಡಬೇಕು. ಸೊಸೆ ಡೀಸೆಲ್ ಪಂಪಿನ ಹತ್ತಿರ ಬಂದಳು. ಆಯಿಲ್ ನೋಡುವ ಕಡ್ಡಿ ಎಳೆದಳು. ಅತ್ತೆ ಬಗ್ಗಿ ನೋಡಿದರು.

"ಅಯ್ಯೋ, ಮಸಿ ಹಂಗೆ ಕಪ್ಪಾಗೈತಲ್ಲೇ! ಮೊನ್ನೆ ತಾನೆ ಹೊಸ ಆಯಿಲ್ ಹಾಕಿಸಿದ್ದು. ಅಂಗಡಿಯವನು ಮೋಸ ಮಾಡಿದನಾ?"

"ಇಲ್ಲ ಅತ್ತೆ. ಡೀಸೆಲ್ ಉರಿದರೆ ಮಸಿ ಆಗ್ತೈತೆ. ಆಯಿಲ್ ಆ ಮಸಿನ ತೊಳೆದು ತನ್ನೊಳಗೆ ಇಟ್ಕೊಳ್ತೈತೆ. ಬಟ್ಟೆ ಒಗೆದ ನೀರು ಕೊಳೆ ಆಗಲ್ವಾ? ಹಂಗೆ."

ಸೊಸೆ ಹೇಳಿದ್ದು ನಿಜ. ಹೊಸ ಆಯಿಲ್ ಸಾಮಾನ್ಯವಾಗಿ ಜೇನುತುಪ್ಪದ ಬಣ್ಣ ಇರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕಪ್ಪಾಗಬಹುದು. ಕಪ್ಪಾದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಹಾಗೆಂದು ಬಹಳ ದಿನ ಬಿಡಲೂಬಾರದು. ಎಷ್ಟು ಗಂಟೆ ಓಡಿದ ಮೇಲೆ ಬದಲಾಯಿಸಬೇಕು? ಎಂಜಿನ್ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ಓದಿ ನೋಡಿ. ದಿನಾ ಎಷ್ಟು ಗಂಟೆ ಓಡಿತು ಎಂದು ಬರೆದಿಡಿ.

ಒಂದು ದಿನ ಕಡ್ಡಿ ಎಳೆದಾಗ ಸೊಸೆ ಗಾಬರಿಯಾದಳು. ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಇತ್ತು.

"ಒಂದೇ ಗಂಟೆ ಓಡಿಸೇ. ಗಿಡ ಒಣಗ್ತೈತೆ" ಎಂದರು ಅತ್ತೆ.

"ಬೇಡ ಅತ್ತೆ. ಆಯಿಲ್‌ಗೆ ನೀರು ಸೇರೈತೆ. ಇದರಲ್ಲಿ ಜಿಡ್ಡು ಇರಲ್ಲ. ಓಡಿಸಿದರೆ ಒಳಗೆ ಬೇರಿಂಗ್ ಸವೆದು ಎಂಜಿನ್ ಹಿಡ್ಕೊಳ್ತೈತೆ."

ಮೇಸ್ತ್ರಿ ಬಂದು ಬಿಚ್ಚಿ ನೋಡಿದ. ಹೆಡ್ ಗ್ಯಾಸ್ಕೆಟ್ ಹರಿದಿತ್ತು. ಅಲ್ಲಿಂದ ನೀರು ಇಳಿಯುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿದ. ಆಯಿಲ್ ಪೂರಾ ಬದಲಾಯಿಸಿದ. ಮಾರನೆಯ ದಿನ ನೀರು ಹರಿಯಿತು. ಎರಡು ಸಾಲು ಗಿಡ ಹೋಯಿತು. ಆದರೆ ಎಂಜಿನ್ ಉಳಿಯಿತು. "ನೀನು ತಡೆದಿದ್ದೇ ಒಳ್ಳೇದಾಯ್ತು ಕಣೇ" ಎಂದರು ಅತ್ತೆ.

ನೆನಪಿಡಿ:

1. ಎಂಜಿನ್ ನಿಲ್ಲಿಸಿ 10 ನಿಮಿಷ ಬಿಡಿ. ಕಡ್ಡಿ ಎಳೆದು ಬಟ್ಟೆಯಿಂದ ಒರೆಸಿ. ಮತ್ತೆ ಹಾಕಿ, ಎಳೆದು ನೋಡಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು.

2. ಆಯಿಲ್ ಬೆಳ್ಳಗಾಗಿದ್ದರೆ ನೀರು ಸೇರಿದೆ.

3. ಆಯಿಲ್ ತೆಳ್ಳಗಾಗಿ, ಡೀಸೆಲ್ ವಾಸನೆ ಬಂದು, ಮಟ್ಟ ಏರಿದ್ದರೆ ಡೀಸೆಲ್ ಸೇರಿದೆ.

4. ಹೊಳೆಯುವ ಚೂರು ಕಂಡರೆ ಒಳಗೆ ಲೋಹ ಸವೆಯುತ್ತಿದೆ.

ಈ ಮೂರರಲ್ಲಿ ಯಾವುದು ಕಂಡರೂ ಎಂಜಿನ್ ಓಡಿಸಬೇಡಿ. ಮೇಸ್ತ್ರಿಗೆ ತೋರಿಸಿ.

ಹಳೆಯ ಆಯಿಲನ್ನು ಬಾವಿ, ಕಾಲುವೆ, ಹೊಲಕ್ಕೆ ಚೆಲ್ಲಬೇಡಿ. ನೀರೂ ಮಣ್ಣೂ ಕೆಡುತ್ತವೆ. ಕೈಗೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ.

ನಿಮ್ಮ ಎಂಜಿನ್‌ನ ಆಯಿಲ್ ಯಾವ ಬಣ್ಣ ಇದೆ? ನಾಳೆ ಕಡ್ಡಿ ಎಳೆದು ನೋಡುವಿರಾ?