ಕಾನೂನು ಬಂತು, ಮಗಳಿಗೆ ಪಾಲು ಬಂತಾ?

[ಪರದೆ: ಪಹಣಿ, ಮಾಲೀಕರ ಹೆಸರಿನ ಕಾಲಂ]
ಕಾನೂನು ಬದಲಾಯಿತು. ಆದರೆ ಪಹಣಿಯಲ್ಲಿ ಮಗಳ ಹೆಸರು ಬಂತಾ? ಇದನ್ನು ಲೆಕ್ಕ ಹಾಕಿಯೇ ಹೇಳಬಹುದು!

1994ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಸಿಕ್ಕಿತು. ಅಷ್ಟರಲ್ಲಾಗಲೇ ಮದುವೆಯಾಗಿದ್ದವರು ಮಾತ್ರ ಹೊರಗುಳಿದರು.

ಆಮೇಲೆ ಹೆಚ್ಚು ಹೆಣ್ಣುಮಕ್ಕಳಿಗೆ ಜಮೀನು ಬಂದರೆ, ಅದು ಕಾನೂನಿನ ಫಲವೇ ಅಂತ ಹೇಗೆ ಹೇಳೋದು? ಕುಟುಂಬ ಚಿಕ್ಕದಾಗಿರಬಹುದು, ಜಮೀನಿನ ಬೆಲೆ ಏರಿರಬಹುದು.

[ಪರದೆ: ಎರಡು ಮನೆ, ನಡುವೆ ‘1994’]
ಸಂಶೋಧಕರಾದ ಡೈನಿಂಗರ್, ಗೋಯಲ್, ನಾಗರಾಜನ್ ಹಳ್ಳಿಯ ಕುಟುಂಬಗಳನ್ನು ಎರಡು ಗುಂಪು ಮಾಡಿದರು. ತಂದೆ 1994ಕ್ಕೆ ಮೊದಲು ತೀರಿಕೊಂಡ ಮನೆ, ನಂತರ ತೀರಿಕೊಂಡ ಮನೆ. ಎರಡರಲ್ಲೂ ಅಕ್ಕತಂಗಿಯರನ್ನು ಅವರದೇ ಅಣ್ಣತಮ್ಮಂದಿರ ಜೊತೆ ಹೋಲಿಸಿದರು.

ಊರಲ್ಲಿ ಆದ ಬದಲಾವಣೆ ಇಬ್ಬರಿಗೂ ತಟ್ಟುತ್ತೆ. ಹೊಸ ಹಕ್ಕು ಸಿಕ್ಕಿದ್ದು ಹೆಣ್ಣುಮಕ್ಕಳಿಗಷ್ಟೇ. ಹಾಗಾಗಿ ಇಬ್ಬರ ನಡುವಿನ ಅಂತರ ಎಷ್ಟು ಕಿರಿದಾಯಿತೋ, ಅದೇ ಕಾನೂನಿನ ಪರಿಣಾಮ.

2013ರಲ್ಲಿ ಪ್ರಕಟವಾದ ಫಲಿತಾಂಶ: ಹೆಣ್ಣುಮಕ್ಕಳಿಗೆ ಜಮೀನು ಸಿಗುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿತು. ಅವರ ಓದು, ಮದುವೆಯ ವಯಸ್ಸು ಎರಡೂ ಏರಿದವು. ಆದರೂ ಅಣ್ಣತಮ್ಮಂದಿರಿಗೆ ಸಮ ಆಗಲಿಲ್ಲ.

2005ರಲ್ಲಿ ಈ ಹಕ್ಕು ಇಡೀ ದೇಶಕ್ಕೆ ಬಂತು, ಮದುವೆಯಾದ ಮಗಳಿಗೂ. ಕಾನೂನು ಎಲ್ಲಿ ಮುಟ್ಟಿದೆ, ಎಲ್ಲಿ ಮುಟ್ಟಿಲ್ಲ ಅಂತ ಅಳೆದರೆ ಮಾತ್ರ ಉಳಿದ ಕೆಲಸ ಏನು ಅಂತ ಗೊತ್ತಾಗುತ್ತೆ. ಪ್ರತಿ ಸುಧಾರಣೆಗೂ ಈ ಲೆಕ್ಕ ಕೇಳೋಣ.