ಲಾರಿಯ ಎಂಜಿನ್ನು ನಿಂತರೆ: ಬಿಚ್ಚಿಸುವ ಮೊದಲು ನೋಡತಕ್ಕ ವಿಷಯಗಳು

ಅಹಮದಾಬಾದಿನಿಂದ ವಡೋದರಾಕ್ಕೆ ಸುಮಾರು 110 ಕಿಲೋಮೀಟರು. ಅಲ್ಲಿಂದ ಭರೂಚಿನ ಬಳಿ ನರ್ಮದೆಯನ್ನು ದಾಟಿ ಸೂರತ್ತಿಗೆ ಮತ್ತೆ ಸುಮಾರು 150. ಬಟ್ಟೆಯ ಗಂಟು, ನೂಲು, ರಾಸಾಯನಿಕದ ಪೀಪಾಯಿಗಳನ್ನು ಹೊತ್ತ ಲಾರಿಗಳು ಈ ದಾರಿಯಲ್ಲಿ ಹಗಲಿರುಳೂ ಓಡುತ್ತವೆ. ನಮ್ಮವರಲ್ಲಿ ಲಾರಿ ನಡೆಸುವವರುಂಟು, ಸಾಗಣೆ ಕಚೇರಿಯಲ್ಲಿ ಲೆಕ್ಕ ಬರೆಯುವವರುಂಟು, ಸಾಲಸೋಲ ಮಾಡಿ ಹಳೆಯ ಲಾರಿಯೊಂದನ್ನು ಕೊಂಡು ಅದನ್ನೇ ನಂಬಿದವರೂ ಉಂಟು. ಎಂಜಿನ್ನು ನಿಂತರೆ ಮೂವರಿಗೂ ತೊಂದರೆಯೇ. ಕೊನೆಯವನಿಗಂತೂ ಅದು ಅನ್ನದ ಪ್ರಶ್ನೆ. ರೋಗವನ್ನು ತಿಳಿಯದೆ ಎಂಜಿನ್ನನ್ನೆಲ್ಲ ಬಿಚ್ಚಿಸಿದರೆ ಅಲ್ಪ ಕೆಲಸಕ್ಕೆ ಆರು ತಿಂಗಳ ಸಂಪಾದನೆ ಹೋದೀತು. ಆದುದರಿಂದ ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಸೇರಿ ಜಮ್ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೂ ಅದೇ ಮಾದರಿಯ ಗಟ್ಟಿ ಎಂಜಿನ್ನುಗಳು ಬಹುಕಾಲ ನಡೆದುವು. ಇಂತಹ ಎಂಜಿನ್ನಿಗೆ ಡೀಸೆಲ್ ಊಡಿಸುವ ಪಂಪುಗಳಿಗೆ ಹೆಸರಾದುದು ನಮ್ಮ ಬೆಂಗಳೂರಿನ ಮೈಕೋ. 1951ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆಗೆ 2008ರಿಂದ ಬಾಷ್ ಎಂದು ಹೆಸರು. ಈ ಹಳೆಯ ಎಂಜಿನ್ನುಗಳಲ್ಲಿ ಕಂಪ್ಯೂಟರಿನ ಹಂಗಿಲ್ಲ. ಕಣ್ಣು, ಕಿವಿ, ಮೂಗುಗಳಿಂದಲೇ ರೋಗದ ಗುರುತು ಹಿಡಿಯಬಹುದು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿದಾಗ ಅದರ ಶಾಖ 500 ಡಿಗ್ರಿಯನ್ನು ಮೀರುತ್ತದೆ. ಅದರೊಳಕ್ಕೆ ಸಿಡಿದ ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಗಾಳಿ, ಡೀಸೆಲ್, ಒತ್ತಡ ಈ ಮೂರರಲ್ಲಿ ಯಾವುದು ತಪ್ಪಿತೆಂಬುದನ್ನು ಕಂಡುಕೊಳ್ಳುವುದೇ ಪರೀಕ್ಷೆ.

ಸೆಲ್ಫ್ ಹೊಡೆದಾಗ ಎಂಜಿನ್ನು ತಿರುಗುವುದೇ ಇಲ್ಲವೆನ್ನಿ. ಮೊದಲು ಬ್ಯಾಟರಿಯನ್ನೂ ಅದರ ತಂತಿಯ ತುದಿಗಳನ್ನೂ ನೋಡಬೇಕು. ಅವು ಸರಿಯಿದ್ದೂ ತಿರುಗದಿದ್ದರೆ ಬಲವಂತ ಮಾಡಬಾರದು, ಲಾರಿಯನ್ನು ತಳ್ಳಿಸಲೂಬಾರದು. ಸಿಲಿಂಡರಿನಲ್ಲಿ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡು ಬಗ್ಗಿ ಹೋಗುತ್ತದೆ.

ತಿರುಗಿಯೂ ಹೊಗೆ ಕಾಣದಿದ್ದರೆ ಡೀಸೆಲ್ ಒಳಗೆ ತಲುಪುತ್ತಿಲ್ಲವೆಂದು ತಿಳಿಯಬೇಕು. ಟ್ಯಾಂಕು ಬರಿದಾಗಿರಬಹುದು, ಫಿಲ್ಟರು ಕಟ್ಟಿರಬಹುದು, ಕೊಳವೆಯಲ್ಲಿ ಏರ್ ಹಿಡಿದಿರಬಹುದು. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಬರಿಯ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ತಿರುಪನ್ನು ಬಿಗಿದರೆ ಎಷ್ಟೋ ವೇಳೆ ಲಾರಿ ಹೊರಟುಬಿಡುತ್ತದೆ. ಆದರೆ ಇಂಜೆಕ್ಟರಿನ ಕೊಳವೆಗಳ ತಂಟೆ ನಮಗೆ ಬೇಡ. ಅಲ್ಲಿ ಸಿಡಿಯುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕಳೆದುಕೊಳ್ಳುವ ಅಪಾಯವುಂಟು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊಗೆ ಬಂದರೆ ಅದರ ಬಣ್ಣ ನೋಡಿರಿ. ಇಲ್ಲಿಯ ಮಿಸ್ತ್ರಿ ‘ಧುಮಾಡೊ’ ಎನ್ನುವುದು ಇದಕ್ಕೇ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಫಿಲ್ಟರು ನೋಡಬೇಕು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು ಇಲ್ಲವೆ ವಾಲ್ವಿನ ಗೈಡು ಸವೆದಿರಬಹುದು. ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಸಿಲಿಂಡರಿಗೆ ನೀರು ಸೇರುತ್ತಿದೆ.

ಓಡುತ್ತ ಕಾದು ನಿಂತ ಎಂಜಿನ್ನಿನ ವಿಷಯದಲ್ಲಿ ಆತುರ ಕೂಡದು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಬೆಂದೀತು; ತಣ್ಣೀರು ಸುರಿದರೆ ಹೆಡ್ಡು ಸೀಳೀತು. ಆರಿದ ಮೇಲೆ ಆಯಿಲ್ ಕಡ್ಡಿಯನ್ನು ಎಳೆದು ನೋಡಿರಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಬೆರೆತಿದೆ. ಗ್ಯಾಸ್ಕೆಟ್ಟು ಹೋಗಿರಬಹುದು, ಹೆಡ್ಡು ಬಿರಿದಿರಬಹುದು. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಇಳಿದಿದೆ. ಈ ಎರಡು ಸ್ಥಿತಿಯಲ್ಲಿಯೂ ಎಂಜಿನ್ನು ನಡೆಸಬಾರದು. ಆಯಿಲಿನ ಒತ್ತಡ ಇಳಿದು, ಅಡಿಯಿಂದ ಸುತ್ತಿಗೆ ಬಡಿದಂತೆ ಸದ್ದು ಬಂದರೆ ಬೇರಿಂಗು ಹೋಗಿದೆ. ಹತ್ತು ಮೈಲಿ ಆಸೆಪಟ್ಟರೆ ಕ್ರ್ಯಾಂಕೂ ಹೋಗುತ್ತದೆ.

ಬಿಚ್ಚಿಸಲೇಬೇಕಾದರೆ ಮೊದಲು ಒತ್ತಡದ ಪರೀಕ್ಷೆ ಮಾಡಿಸಿರಿ. ಒಂದೆರಡು ಸಿಲಿಂಡರಿನಲ್ಲಿ ಮಾತ್ರ ಒತ್ತಡ ಕಡಿಮೆಯಿದ್ದರೆ ಹೆಡ್ಡಿನ ಕೆಲಸದಲ್ಲೇ ಮುಗಿಯಬಹುದು. ಎಲ್ಲದರಲ್ಲೂ ಕಡಿಮೆಯಿದ್ದರೆ ಲೈನರು, ಪಿಸ್ಟನ್ನು, ರಿಂಗುಗಳ ದೊಡ್ಡ ಖರ್ಚು ಬಂದೀತು. ಅಂದಾಜನ್ನು ಬರೆಸಿಕೊಳ್ಳಿರಿ, ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ, ಕೊಟ್ಟ ಹಣಕ್ಕೆ ಪಾವತಿ ತೆಗೆದುಕೊಳ್ಳಿರಿ. ಗುಜರಾತಿಯಲ್ಲಿಯೂ ‘ಪಾವ್ತಿ’ ಎಂದೇ ಅನ್ನುವುದರಿಂದ ಭಾಷೆ ಬಾರದೆಂದು ಸಂಕೋಚಪಡಬೇಕಿಲ್ಲ. ಕೆಟ್ಟ ಕಾರಣವನ್ನೂ ಸರಿಪಡಿಸಿದ್ದಾರೆಯೇ ಎಂದು ವಿಚಾರಿಸಿರಿ. ರೇಡಿಯೇಟರು ಕಟ್ಟಿದ್ದು ಗ್ಯಾಸ್ಕೆಟ್ಟನ್ನು ಮಾತ್ರ ಬದಲಿಸಿದರೆ ಹೊಸದೂ ಹೋಗುತ್ತದೆ.

ಬೇರೆ ಎಂಜಿನ್ನು ಕೂರಿಸುವುದಾದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಆರ್‌ಟಿಓ ಕಚೇರಿಯ ಒಪ್ಪಿಗೆ ಪಡೆದು ಆರ್‌ಸಿ ಪುಸ್ತಕದಲ್ಲಿ ನಮೂದಿಸಬೇಕು. ಲಾರಿಗೆ ಮುಂದೆ ಫಿಟ್‌ನೆಸ್ ಪತ್ರ ಸಿಗುವಂತಿದೆಯೇ ಎಂದು ನೋಡಿ ಹಣ ಹಾಕುವುದು ವಿವೇಕ. ಸಿಗದೆಂದಾದರೆ ಸಿಕ್ಕವರಿಗೆ ತೂಕಕ್ಕೆ ಮಾರಬೇಡಿರಿ. 2021ರ ಆಗಸ್ಟ್ 13ರಂದು ಆರಂಭವಾದ ಗುಜರಿ ನೀತಿಯಂತೆ ನೋಂದಾಯಿತ ಕೇಂದ್ರಕ್ಕೇ ಕೊಟ್ಟು, ಪ್ರಮಾಣಪತ್ರ ಪಡೆದು, ನೋಂದಣಿಯನ್ನು ರದ್ದು ಮಾಡಿಸಬೇಕು. ಇಲ್ಲದಿದ್ದರೆ ಲಾರಿ ಕೈಬಿಟ್ಟ ಮೇಲೂ ಅದರ ಹೊಣೆ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.